ಫ್ಯಾನ್‌ಗಿಂತ ಮೊದಲು ಗೇರ್

ರಿಮೋಟ್ ಕಾರಿನ ಮೋಟಾರು ಕೈ ಇಡಲಾಗದಷ್ಟು ಕಾದಾಗ ಹೆಚ್ಚಿನವರು ಮೊದಲು ಹುಡುಕುವುದು ಫ್ಯಾನನ್ನು. ಅದು ಉಪಯುಕ್ತವೇ. ಆದರೆ ಬಿಸಿ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹೊರಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಫ್ಯಾನಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದೂ ಸ್ಪಷ್ಟವಾಗುತ್ತದೆ.

ಮೋಟಾರಿನೊಳಗೆ ತಾಮ್ರದ ತಂತಿಯ ಸುರುಳಿಗಳಿವೆ. ಅವುಗಳಲ್ಲಿ ವಿದ್ಯುತ್ ಹರಿದಾಗ ಒಂದು ಪಾಲು ಬಿಸಿಯಾಗಿ ವ್ಯಯವಾಗುತ್ತದೆ. ಈ ಬಿಸಿ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಸುರುಳಿ ಸುತ್ತಿರುವ ಕಬ್ಬಿಣದ ಭಾಗವೂ ವೇಗ ಹೆಚ್ಚಿದಂತೆ ಕಾಯುತ್ತದೆ.

ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಕಾದ ತಾಮ್ರ ವಿದ್ಯುತ್ತನ್ನು ಹೆಚ್ಚು ತಡೆಯುತ್ತದೆ. 20 ಡಿಗ್ರಿಯಲ್ಲಿದ್ದ ತಂತಿ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಅದರ ರೋಧ ಸುಮಾರು ಶೇ 30ರಷ್ಟು ಹೆಚ್ಚುತ್ತದೆ. ಜೊತೆಗೆ ಅಯಸ್ಕಾಂತ ಬಿಸಿಯಲ್ಲಿ ದುರ್ಬಲವಾಗುತ್ತದೆ. ಆಗ ಅಷ್ಟೇ ಎಳೆತಕ್ಕೆ ಮೋಟಾರು ಇನ್ನೂ ಹೆಚ್ಚು ಪ್ರವಾಹ ಬೇಡುತ್ತದೆ, ಬಿಸಿ ಬಿಸಿಯನ್ನೇ ಬೆಳೆಸುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತಕ್ಕೆ ಹೇಳುವ ಮಿತಿ ಸುಮಾರು 80 ಡಿಗ್ರಿ. ಮೇಲ್ದರ್ಜೆಯವು ಇನ್ನಷ್ಟು ತಾಳುತ್ತವೆ. ಮಿತಿ ಮೀರಿ ಕಳೆದುಕೊಂಡ ಬಲ ಮೋಟಾರು ತಣಿದರೂ ಪೂರ್ತಿ ಮರಳುವುದಿಲ್ಲ.

ಇನ್ನು ಬಿಸಿ ಹೊರಬರುವ ದಾರಿ. ಹಳೆಯ ಬ್ರಷ್ ಮೋಟಾರಿನಲ್ಲಿ ತಿರುಗುವುದು ಸುರುಳಿ, ಹೊರಗಿನ ಡಬ್ಬಿಗೆ ಅಂಟಿಕೊಂಡಿರುವುದು ಅಯಸ್ಕಾಂತ. ಹೀಗಾಗಿ ಸುರುಳಿಯ ಬಿಸಿ ನಡುವಿನ ಗಾಳಿಯನ್ನು ದಾಟಿ ಡಬ್ಬಿಗೆ ಬರಬೇಕು. ಡಬ್ಬಿಗೆ ಹೀಟ್‌ಸಿಂಕ್, ಅಂದರೆ ಅಲ್ಯೂಮಿನಿಯಂ ರೆಕ್ಕೆಗಳ ಕವಚ, ತೊಡಿಸಿದರೆ ಸಿಗುವ ಲಾಭ ಕಡಿಮೆ. ರಂಧ್ರಗಳ ಮೂಲಕ ಒಳಗೇ ಗಾಳಿ ಹೋಗಬೇಕು. ಬ್ರಷ್‌ಲೆಸ್ ಮೋಟಾರಿನಲ್ಲಿ ಇದು ತಿರುಗುಮುರುಗು: ಸುರುಳಿ ಡಬ್ಬಿಗೆ ತಾಗಿಕೊಂಡೇ ಇರುತ್ತದೆ, ಅಯಸ್ಕಾಂತ ತಿರುಗುತ್ತದೆ. ಅಲ್ಲಿ ಹೀಟ್‌ಸಿಂಕ್ ಮತ್ತು ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಕಾರಿನ ಪ್ಲಾಸ್ಟಿಕ್ ಬಾಡಿ ಎಲ್ಲ ಕಡೆ ಮುಚ್ಚಿದ್ದರೆ ಫ್ಯಾನ್ ಅದೇ ಬಿಸಿಗಾಳಿಯನ್ನು ತಿರುಗಿಸುತ್ತಿರುತ್ತದೆ. ಹಿಂದಿನ ಗಾಜಿನ ಜಾಗದಲ್ಲಿ ಗಾಳಿ ಹೊರಹೋಗಲು ತೆರಪು ಕತ್ತರಿಸುವುದು ಅದಕ್ಕಾಗಿಯೇ.

ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ ಎಂಬುದನ್ನೂ ನೆನಪಿಡಬೇಕು. 20 ಡಿಗ್ರಿ ಹವೆಯಲ್ಲಿ 70ಕ್ಕೆ ನಿಲ್ಲುವ ಮೋಟಾರು ಕಲಬುರಗಿಯ 40 ಡಿಗ್ರಿ ಬಿಸಿಲಲ್ಲಿ ಸುಲಭವಾಗಿ 90 ದಾಟುತ್ತದೆ.

ಹೀಗಾಗಿ ನನ್ನ ದೃಷ್ಟಿ ಮೊದಲು ಹೋಗುವುದು ಗೇರಿನ ಕಡೆಗೆ. ಮೋಟಾರಿನ ತುದಿಯಲ್ಲಿರುವ ಪುಟ್ಟ ಹಲ್ಲುಚಕ್ರವೇ ಪಿನಿಯನ್. ವೇಗದ ಆಸೆಗೆ ದೊಡ್ಡ ಪಿನಿಯನ್ ಹಾಕಿದರೆ, ಏರಿನಲ್ಲೂ ಸೈಕಲ್ಲನ್ನು ಭಾರದ ಗೇರಿನಲ್ಲೇ ತುಳಿದಂತೆ, ಪ್ರತಿ ಬಾರಿ ವೇಗ ಹಿಡಿಯುವಾಗಲೂ ಮೋಟಾರು ತಿಣುಕುತ್ತದೆ, ಪ್ರವಾಹ ಏರುತ್ತದೆ. ಹುಲ್ಲು, ಮರಳಿನ ಮೇಲೆ ಇನ್ನೂ ಹೆಚ್ಚು. ಒಂದೆರಡು ಹಲ್ಲು ಕಡಿಮೆ ಇರುವ ಪಿನಿಯನ್ನಿನಿಂದ ಗರಿಷ್ಠ ವೇಗ ತುಸು ತಗ್ಗಬಹುದು, ಆದರೆ ವರ್ಗದ ಲೆಕ್ಕದಿಂದಾಗಿ ಬಿಸಿ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಹೊಸ ಗೇರ್ ಹಾಕಿದಾಗ ಕೆಲವೇ ನಿಮಿಷ ಓಡಿಸಿ, ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಡಬ್ಬಿಯತ್ತ ಹಿಡಿಯಿರಿ. ಒಳಗಿನ ಸುರುಳಿ ಡಬ್ಬಿಗಿಂತ ಹೆಚ್ಚು ಕಾದಿರುತ್ತದೆ, ಆದ್ದರಿಂದ ಅಂಕಿ 70ರ ಹತ್ತಿರ ಬಂದರೇ ಕಾರನ್ನು ನಿಲ್ಲಿಸುವುದು ಒಳ್ಳೆಯದು.