ಉದ್ಯಮವು ಸರಕಾರದ್ದಾದರೆ ನೌಕರರ ಗತಿಯೇನು?

2020ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ನಮ್ಮ ರಾಜ್ಯದ ಸಾರಿಗೆ ನಿಗಮಗಳ ನೌಕರರು ಬಸ್ಸುಗಳನ್ನು ನಿಲ್ಲಿಸಿ, ತಮ್ಮನ್ನು ಸರಕಾರಿ ನೌಕರರೆಂದು ಪರಿಗಣಿಸಬೇಕೆಂದು ಕೇಳಿದುದು ವಾಚಕರ ನೆನಪಿನಲ್ಲಿರಬಹುದು. ಬಸ್ಸಿಲ್ಲದೆ ಕಾಲ್ನಡಿಗೆಯಿಂದ ಮನೆ ಸೇರಿದವರಿಗೆ ಆ ಬೇಡಿಕೆಯು ಹೊಸತೆಂದೂ ಅತಿಯೆಂದೂ ತೋರಿದ್ದರೆ ಆಶ್ಚರ್ಯವಿಲ್ಲ. ಸರಕಾರವೂ ಅದನ್ನು ಒಪ್ಪಲಿಲ್ಲ. ಆದರೆ ಅದರ ಬೇರು ಬಹು ಹಳೆಯದು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರಕಾರವು 120 ಬಸ್ಸುಗಳೊಡನೆ ಸಾರಿಗೆಯನ್ನು ಆರಂಭಿಸಿದಾಗ ಅದು ನಿಗಮವಾಗಿರಲಿಲ್ಲ. ಸರಕಾರದ ಒಂದು ಇಲಾಖೆಯೇ ಆಗಿದ್ದಿತು. ಬೆಂಗಳೂರು ನಗರದಲ್ಲಿ 1940ರಿಂದ ಬಸ್ಸುಗಳನ್ನು ನಡೆಯಿಸುತ್ತಿದ್ದ ಖಾಸಗಿ ಕಂಪನಿಯ ವ್ಯವಹಾರವು 1956ರಲ್ಲಿ ಸರಕಾರದ ಕೈಸೇರಿತು. 1961ರ ಆಗಸ್ಟ್ 1ರಂದು ಇಲಾಖೆಯ ಸ್ಥಾನದಲ್ಲಿ ನಿಗಮವು ಬಂದಿತು. ಎರಡು ತಿಂಗಳ ತರುವಾಯ ಬೆಂಗಳೂರಿನ ನಗರಸಾರಿಗೆಯೂ ಅದರಲ್ಲಿ ಲೀನವಾಯಿತು. ಕಂಪನಿಯ ಕಾಲದಿಂದಲೂ ಬಸ್ಸು ನಡೆಯಿಸಿಕೊಂಡು ಬಂದ ಚಾಲಕನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಐದೇ ವರ್ಷಗಳಲ್ಲಿ ಅವನು ಮೂವರು ಧಣಿಗಳನ್ನು ಕಂಡನು. ಅವನು ಓಡಾಡಿದ ರಸ್ತೆ ಮಾತ್ರ ಅದೇ ಆಗಿದ್ದಿತು.

ಖಾಸಗಿಯವರ ಉದ್ಯಮವನ್ನು ಸರಕಾರವು ವಹಿಸಿಕೊಳ್ಳುವುದು ಲೋಕಹಿತಕ್ಕಾಗಿ. ಆದರೆ ಯಂತ್ರ, ಕಟ್ಟಡ, ನೆಲಗಳಿಗೆ ಬೆಲೆ ಕಟ್ಟುವಾಗ ತೋರುವ ಶ್ರದ್ಧೆಯನ್ನು, ಆ ಯಂತ್ರಗಳನ್ನು ನಡೆಯಿಸಿದವರ ಗತಿಸಿದ ವರ್ಷಗಳಿಗೆ ಬೆಲೆ ಕಟ್ಟುವಾಗ ನಮ್ಮ ಆಡಳಿತವು ತೋರಿದೆಯೇ? ಇಲ್ಲವೆಂದು ನಾವು ವಿಷಾದದಿಂದ ಹೇಳಬೇಕಾಗಿದೆ.

ರೇಲ್ವೆಯ ವೃತ್ತಾಂತವನ್ನು ನೋಡಿರಿ. ರೇಲ್ವೆಗಳನ್ನು ಕಂಪನಿಗಳ ಕೈಯಿಂದ ಬಿಡಿಸಿ ಸರಕಾರವೇ ನಡೆಯಿಸಬೇಕೆಂಬುದು ರಾಷ್ಟ್ರೀಯ ಪಕ್ಷದ ಬಹುಕಾಲದ ಹಂಬಲವಾಗಿದ್ದಿತು. 1921ರಲ್ಲಿ ವರದಿಯನ್ನೊಪ್ಪಿಸಿದ ಅಕ್ವರ್ಥ್ ಸಮಿತಿಯಲ್ಲಿ ಶ್ರೀನಿವಾಸ ಶಾಸ್ತ್ರಿಗಳೂ ಪುರುಷೋತ್ತಮದಾಸ ಠಾಕೂರದಾಸರೂ ಈ ಪಕ್ಷವನ್ನೇ ಹಿಡಿದರು. ಅಧ್ಯಕ್ಷರೂ ಅವರೊಡನೆ ನಿಂತರು. 1925ರಲ್ಲಿ ಈಸ್ಟ್ ಇಂಡಿಯನ್ ಮತ್ತು ಜಿ. ಐ. ಪಿ. ರೇಲ್ವೆಗಳು ಸರಕಾರದ ಆಡಳಿತಕ್ಕೆ ಬಂದವು. ನಮ್ಮ ಹುಬ್ಬಳ್ಳಿಯ ಕಾರಖಾನೆಯನ್ನೊಳಗೊಂಡ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೇಲ್ವೆಯು ಬಂದುದು 1944ರ ಏಪ್ರಿಲ್ 1ರಂದು. ಮುನ್ನಾ ದಿನ ಲಂಡನ್ನಿನ ನಿರ್ದೇಶಕರ ಆಳಾಗಿ ಕಾರಖಾನೆಯ ಬಾಗಿಲು ದಾಟಿ ಮನೆಗೆ ಹೋದ ಕೆಲಸಗಾರನು ಮರುದಿನ ಅದೇ ಬಾಗಿಲಿನಿಂದ ಸರಕಾರದ ಸೇವಕನಾಗಿ ಒಳಹೊಕ್ಕನು.

ಸರಕಾರಿ ನೌಕರಿಯೆಂದರೆ ಮುಪ್ಪಿನಲ್ಲಿ ಪಿಂಚಣಿಯೆಂಬುದು ಜನರ ಎಣಿಕೆ. ಆದರೆ ರೇಲ್ವೆಯಲ್ಲಿ ನಿವೃತ್ತಿಯ ದಿನ ಕೈಗೆ ಬರುತ್ತಿದ್ದುದು ಪ್ರಾವಿಡೆಂಟ್ ಫಂಡಿನ ಇಡಿಗಂಟು. ಆಮೇಲೆ ತಿಂಗಳು ತಿಂಗಳು ಬರುವುದೇನೂ ಇಲ್ಲ. ಕಂಪನಿಯಿಂದ ಬಂದವರಿಗೆ ಮಾತ್ರವೇ ಹೀಗಾಯಿತೆಂದು ನಾವು ಹೇಳುವುದಿಲ್ಲ; ಸರಕಾರದ ಸ್ವಂತ ರೇಲ್ವೆಗಳಲ್ಲಿಯೂ ಇದೇ ಪದ್ಧತಿಯಿದ್ದಿತು. ಪಿಂಚಣಿಯ ಆಜ್ಞೆಯು ಹೊರಟುದು 1957ರ ನವೆಂಬರ್ 16ರಂದು, ಹುಬ್ಬಳ್ಳಿಯವರು ಸರಕಾರದವರಾಗಿ ಹದಿಮೂರು ವರ್ಷಗಳು ಕಳೆದ ಮೇಲೆ. ಆ ವರ್ಷದ ಏಪ್ರಿಲ್ 1ರಂದು ಸೇವೆಯಲ್ಲಿದ್ದವರು ಫಂಡು ಅಥವಾ ಪಿಂಚಣಿ, ಎರಡರಲ್ಲೊಂದನ್ನು ಆರಿಸಿಕೊಳ್ಳಬಹುದೆಂದು ತಿಳಿಸಲಾಯಿತು. ಮಾರ್ಚ್ ತಿಂಗಳಲ್ಲಿ ಮನೆಗೆ ಹೋದವನಿಗೆ ಆರಿಸಿಕೊಳ್ಳಲು ಏನಿದ್ದಿತು?

ಆರಿಸಿಕೊಂಡವರೆಲ್ಲರೂ ಬದುಕಿಕೊಂಡರೆಂದೂ ಅಲ್ಲ. ಮಗಳ ಮದುವೆ, ಊರಿನ ಸಾಲ, ಮನೆಯ ಮಾಡು ಇವುಗಳನ್ನು ಕಣ್ಣೆದುರಿಗೆ ಇಟ್ಟುಕೊಂಡವನಿಗೆ ಕೆಲವು ಸಾವಿರ ರೂಪಾಯಿಗಳ ಗಂಟು ಭಾಗ್ಯವೆನಿಸುವುದು ಸಹಜ. ಮುಂದೆ ಬೆಲೆಗಳು ಏರುತ್ತ ಹೋದವು. ಪಿಂಚಣಿಗೆ ತುಟ್ಟಿಭತ್ಯವು ಕೂಡಿಕೊಂಡಿತು. ಗಂಟು ಮಾತ್ರ ಕರಗಿಹೋಯಿತು. ಸರಕಾರವು ಮತ್ತೆ ಮತ್ತೆ ಆಯ್ಕೆಗೆ ಅವಕಾಶವಿತ್ತುದು ನಿಜ. ಆದರೂ ಹೊರಗುಳಿದವರು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. 1990ರ ಜುಲೈ 13ರಂದು ಐವರು ನ್ಯಾಯಮೂರ್ತಿಗಳ ಪೀಠವು, ಫಂಡು ಪಡೆದವರೂ ಪಿಂಚಣಿ ಪಡೆದವರೂ ಬೇರೆ ಬೇರೆ ವರ್ಗದವರು, ಫಂಡನ್ನು ಕೊಟ್ಟೊಡನೆ ಆ ಬಾಬಿನಲ್ಲಿ ಸರಕಾರದ ಹೊಣೆಯು ತೀರಿತು ಎಂದು ತೀರ್ಮಾನಿಸಿತು. ಕಾನೂನಿನ ಮಾತು ಅದು; ನಾವು ಅದಕ್ಕೆ ತಲೆಬಾಗುತ್ತೇವೆ. ಆದರೆ ಮೂವತ್ತು ವರ್ಷಗಳ ದುಡಿಮೆಯ ಫಲವು ಒಂದು ಆಯ್ಕೆಪತ್ರದ ಮೇಲಿನ ರುಜುವಿಗೆ ತೂಗಿಬಿದ್ದುದು ಆಡಳಿತಕ್ಕೆ ಭೂಷಣವೆಂದು ಯಾರೂ ಹೇಳಲಾರರು.

ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರಿದ್ದಾರೆ. ಅವರ ಆಕ್ಷೇಪವನ್ನು ನಾವು ಬಲ್ಲೆವು. ಪರೀಕ್ಷೆ ಬರೆದು, ಸಂದರ್ಶನ ಕೊಟ್ಟು, ಮೀಸಲಾತಿಯ ಕ್ರಮದಂತೆ ಆಯ್ಕೆಯಾದವರ ಸಾಲಿನಲ್ಲಿ, ಧಣಿಯ ಒಂದು ಮಾತಿನಿಂದ ಕೆಲಸಕ್ಕೆ ಸೇರಿದವನು ಬಂದು ಕುಳಿತರೆ ಅದು ನ್ಯಾಯವೇ? ಪ್ರಶ್ನೆಯು ಹಗುರವಾದುದಲ್ಲ. ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಮೊಕದ್ದಮೆಯಲ್ಲಿ 2006ರ ಏಪ್ರಿಲ್ 10ರಂದು ಸರ್ವೋಚ್ಚ ನ್ಯಾಯಾಲಯವು ಹಿಂಬಾಗಿಲ ನೇಮಕವನ್ನು ಖಂಡಿಸಿ, ಎಲ್ಲರಿಗೂ ಸಮಾನ ಅವಕಾಶವಿರಬೇಕೆಂದು ಸಾರಿತು. ಆದರೆ ಸ್ವಾಧೀನದ ಸಂದರ್ಭದಲ್ಲಿ ಹಿಂಬಾಗಿಲಿನಿಂದ ಬಂದವನು ಯಾರು? ನೌಕರನು ಇದ್ದಲ್ಲಿಯೇ ಇದ್ದನು. ಒಕ್ಕಲಿದ್ದ ಮನೆಯನ್ನು ಸರಕಾರವೇ ಕೊಂಡಿತು. ಕೊಂಡ ಮೇಲೆ ಒಕ್ಕಲನ್ನು ನೋಡಿ, ನೀನು ಯಾವ ಬಾಗಿಲಿನಿಂದ ಬಂದೆಯೆಂದು ಕೇಳುವುದು ಸರಿಯೆನಿಸದು.

ಸರಕಾರದ ಸೇವೆಯಿಂದ ಹೊರಕ್ಕೆ ಕಳುಹಿಸುವ ವಿಷಯದಲ್ಲಿ ನಿಯಮವು ಎಷ್ಟು ಬಿಗಿಯಾಗಿದೆಯೆಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ಕೃಷಿ ಇಲಾಖೆಯ ನೌಕರನೊಬ್ಬನನ್ನು ಅವನ ಒಪ್ಪಿಗೆಯಿಲ್ಲದೆ ಕೃಷಿ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದುದು ಸೇವೆಯಿಂದ ತೆಗೆದುಹಾಕಿದುದಕ್ಕೆ ಸಮಾನವೆಂದು, ಸಂವಿಧಾನದ 311ನೆಯ ಅನುಚ್ಛೇದಕ್ಕೆ ವಿರುದ್ಧವೆಂದು, ಸರ್ವೋಚ್ಚ ನ್ಯಾಯಾಲಯವು 1970ರಲ್ಲಿಯೇ ಹೇಳಿದೆ. ಹೊರಹೋಗುವವನಿಗೆ ಇಷ್ಟು ರಕ್ಷೆಯಿರುವಾಗ ಒಳಬರುವವನಿಗೆ ಬರಿಯ ಸುತ್ತೋಲೆಯೇ ಗತಿಯಾಗಬೇಕೇ? ಆಂಧ್ರಪ್ರದೇಶವು ತನ್ನ ಸಾರಿಗೆ ನಿಗಮದ ನೌಕರರನ್ನು 2020ರ ಜನವರಿ 1ರಿಂದ ಸರಕಾರಿ ಸೇವೆಗೆ ತೆಗೆದುಕೊಂಡಾಗ, ಅದಕ್ಕೆಂದೇ 2019ರಲ್ಲಿ ಶಾಸನಸಭೆಯಲ್ಲಿ ಒಂದು ಕಾಯಿದೆಯನ್ನು ಮಾಡಿತು. ಆ ಕ್ರಮದ ವೆಚ್ಚವನ್ನು ಕುರಿತು ಭಿನ್ನಾಭಿಪ್ರಾಯಕ್ಕೆ ಎಡೆಯಿದೆ; ಕಾಯಿದೆಯ ಮೂಲಕ ಮಾಡಿದ ಮರ್ಯಾದೆಯು ಮಾತ್ರ ಅನುಕರಣೀಯವಾಗಿದೆ.

ನಮ್ಮ ಸೂಚನೆಯು ಸ್ಪಷ್ಟವಾಗಿದೆ. ಹಿಂದಿನ ಧಣಿಯಲ್ಲಿ ದುಡಿದ ವರ್ಷಗಳು ಪಿಂಚಣಿ, ಉಪದಾನ, ರಜೆಗಳ ಲೆಕ್ಕಕ್ಕೆ ಪೂರ್ಣವಾಗಿ ಸೇರಲಿ. ಆ ಹೊರೆಯು ಬೊಕ್ಕಸದ ಮೇಲೆಯೇ ಬೀಳಬೇಕೆಂದಿಲ್ಲ. ಧಣಿಗೆ ಕೊಡತಕ್ಕ ಪರಿಹಾರದಲ್ಲಿ, ಅವನು ನೌಕರರಿಗೆ ಉಳಿಸಿಕೊಂಡ ಬಾಕಿಯನ್ನು ಮೊದಲು ಮುರಿದುಕೊಳ್ಳಲಿ. ಸ್ವಾಧೀನದ ಸುಳಿವು ಹತ್ತಿದೊಡನೆ ಧಣಿಗಳು ಅಳಿಯಂದಿರನ್ನೂ ಸೋದರಳಿಯಂದಿರನ್ನೂ ಹಾಜರಿ ಪಟ್ಟಿಯಲ್ಲಿ ತುಂಬಿಸುವ ಸಂಭವವಿರುವುದರಿಂದ, ಪ್ರಕಟಣೆಗೆ ಒಂದು ವರ್ಷ ಮುಂಚಿನ ಪಟ್ಟಿಯನ್ನೇ ಪ್ರಮಾಣವಾಗಿ ಹಿಡಿಯಲಿ. ಜ್ಯೇಷ್ಠತೆಯ ವಿಷಯದಲ್ಲಿ ಇವರನ್ನು ಪ್ರತ್ಯೇಕ ಶ್ರೇಣಿಯಲ್ಲಿಟ್ಟರೆ, ಪರೀಕ್ಷೆಯಿಂದ ಬಂದ ಗುಮಾಸ್ತನ ಬಡ್ತಿಗೂ ಧಕ್ಕೆಯಿಲ್ಲ. ಇವೆಲ್ಲವೂ ಸ್ವಾಧೀನದ ದಿನಕ್ಕೆ ಮೊದಲೇ, ಕಾಯಿದೆಯ ಅನುಸೂಚಿಯಲ್ಲಿಯೇ ಬರೆದಿರತಕ್ಕದ್ದು. ಮುಂದೆ ಅಂತಹ ಮಸೂದೆಯು ಶಾಸನಸಭೆಯ ಮುಂದೆ ಬಂದಾಗ ಸದಸ್ಯರು ಬೆಲೆಯ ಪುಟಕ್ಕಿಂತ ಮೊದಲು ಆ ಅನುಸೂಚಿಯನ್ನು ತೆರೆದು ನೋಡಲಿ. ಅದು ಕಾಣದಿದ್ದರೆ ಮಸೂದೆಯನ್ನು ಮಂತ್ರಿಗಳಿಗೆ ಹಿಂದಿರುಗಿಸಲಿ.