ಬಿಳಿ ತಟ್ಟೆಯ ಬಾಡು, ನಮ್ಮ ಗಡಿಗೆಯ ಬಾಡು

ಇಂಗ್ಲೆಂಡಿನ ಭಾನುವಾರದ ಊಟದ ಬಗ್ಗೆ ಬರೆಯಲು ಕೂತಿದ್ದೇವೆ. ಏನ್ರಪ್ಪಾ, ಕೂಲಿಯ ಮಾತು, ಭೂಮಿಯ ಮಾತು, ಕೇರಿಯ ನೀರಿನ ಮಾತು ಬಿಟ್ಟು ದೊರೆಗಳ ಅಡುಗೆಮನೆಗೆ ಯಾಕೆ ಹೊರಟ್ರಿ ಅಂತ ಗೆಳೆಯರು ಕೇಳಬಹುದು. ಆ ಅಡುಗೆಮನೆಗೆ ನಾವು ಹೊಸಬರಲ್ಲ. ಬೆಂಗಳೂರು ದಂಡಿನಲ್ಲಿ, ಕೋಲಾರದ ಚಿನ್ನದ ಗಣಿಯ ಬಂಗಲೆಗಳಲ್ಲಿ ಆ ಒಲೆ ಹಚ್ಚಿದವರು ನಮ್ಮವರು. ಬಾಡು ಸುಟ್ಟವರು, ಪಿಂಗಾಣಿ ತಟ್ಟೆ ತೊಳೆದವರು ನಮ್ಮವರು. ತಟ್ಟೆಯ ಮುಂದೆ ಕೂತವರ ಚರಿತ್ರೆ ಬರೆದಾಯಿತು. ತಟ್ಟೆ ಹೊತ್ತು ತಂದವರ ಕಡೆಯಿಂದ ಒಂದು ಸಲ ನೋಡೋಣ.

ಮೊದಲು ಆ ಊಟ ಎಂಥದು ಅನ್ನೋದನ್ನ ನೇರವಾಗಿ ಹೇಳಿಬಿಡುತ್ತೇವೆ. ದನದ ಪಕ್ಕೆಲುಬಿನದೋ ಸೊಂಟದ್ದೋ ಒಂದು ದೊಡ್ಡ ತುಂಡು. ಮೇಲೆ ನೆಣದ ಪದರ ಇರಬೇಕು. ಉಪ್ಪು, ಕಾಳುಮೆಣಸು, ಅಷ್ಟೇ, ಮಸಾಲೆ ಇಲ್ಲ. ಮೊದಲು ಉರಿ ಜೋರು, ಆಮೇಲೆ ಸಣ್ಣ. ಬೆಂದ ಕೂಡಲೇ ಕುಯ್ಯುವಂತಿಲ್ಲ. ಅರ್ಧ ಗಂಟೆ ಸುಮ್ಮನೆ ಬಿಡಬೇಕು, ಇಲ್ಲದಿದ್ದರೆ ರಸವೆಲ್ಲ ಹಲಗೆಯ ಪಾಲು. ಆ ಅರ್ಧ ಗಂಟೆಯಲ್ಲಿ ಯಾರ್ಕ್‌ಷೈರ್ ಪುಡಿಂಗ್ ಆಗಬೇಕು. ಪುಡಿಂಗ್ ಅಂದರೆ ಸಿಹಿ ಅಲ್ಲ. ಮೈದಾ, ಮೊಟ್ಟೆ, ಹಾಲು, ಚಿಟಿಕೆ ಉಪ್ಪು ಸೇರಿಸಿ ಕದಡಿದ ತೆಳ್ಳನೆ ಹಿಟ್ಟು. ತಗಡಿನ ಅಚ್ಚಿನಲ್ಲಿ ಬಾಡಿನ ನೆಣ ಹೊಗೆಯಾಡುವಷ್ಟು ಕಾದಿರಬೇಕು. ಹಿಟ್ಟು ಹುಯ್ದು ಒಲೆಯ ಬಾಗಿಲು ಮುಚ್ಚಿದರೆ ಇಪ್ಪತ್ತು ನಿಮಿಷ ತೆಗೆಯಬಾರದು. ಒಳಗಿನ ನೀರು ಆವಿಯಾಗಿ ಹಿಟ್ಟನ್ನು ಮೇಲೆತ್ತುತ್ತದೆ. ನಡುವೆ ತೆಗೆದರೆ ಕುಸಿದು ಕೂರುತ್ತದೆ. ಜೊತೆಗೆ ಅದೇ ನೆಣದಲ್ಲಿ ಹುರಿದ ಆಲೂಗೆಡ್ಡೆ, ತಟ್ಟೆಯ ತಳ ಕೆರೆದು ಮಾಡಿದ ಗ್ರೇವಿ ಎಂಬ ಎಸರು, ಸಾಸಿವೆ, ಹಾರ್ಸ್‌ರ್‍ಯಾಡಿಶ್ ಎಂಬ ಖಾರದ ಬೇರು. ಊಟ ಇಷ್ಟೇ. ರುಚಿ ಇದೆಯೇ? ಇದೆ. ನೆಣದಲ್ಲಿ ಬೆಂದದ್ದು ಯಾವ ದೇಶದಲ್ಲಾದರೂ ರುಚಿಯೇ. ನಮಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಈಗ ಇದನ್ನು ಒಲೆಯೊಳಗಿಟ್ಟು ಬೇಯಿಸುತ್ತಾರೆ. ಹಿಂದೆ ಬಾಡನ್ನು ಕಬ್ಬಿಣದ ಸಲಾಕಿಗೆ ಸಿಗಿಸಿ, ಬೆಂಕಿಯ ಮುಂದೆ ಗಂಟೆಗಟ್ಟಲೆ ತಿರುಗಿಸುತ್ತಿದ್ದರು. ತಿರುಗಿಸಿದವರು ಯಾರು? ದೊಡ್ಡಮನೆಗಳಲ್ಲಿ ಬಡವರ ಹುಡುಗರು. ಬೆಂಕಿಯ ಝಳಕ್ಕೆ ಮುಖ ಕೊಟ್ಟು, ಮೈ ಬೆವರಿ, ತಾವು ತಿನ್ನದ ಬಾಡನ್ನು ತಿರುಗಿಸುತ್ತಾ ಕೂರೋದು ಅವರ ಉದ್ಯೋಗ. ಆಮೇಲೆ ಹುಡುಗನ ಜಾಗಕ್ಕೆ ನಾಯಿ ಬಂತು. ಕುಳ್ಳ ಕಾಲಿನ ಒಂದು ತಳಿಯನ್ನೇ ಇದಕ್ಕೆ ಬೆಳೆಸಿ, ಗೋಡೆಗೆ ಹಾಕಿದ ಚಕ್ರದೊಳಗೆ ಓಡಿಸಿದರು. ನಾಯಿ ಓಡಿದಷ್ಟೂ ದೊರೆಯ ಬಾಡು ತಿರುಗುತ್ತಿತ್ತು. ಯಂತ್ರ ಬಂದ ಮೇಲೆ ನಾಯಿಗೆ ಕೆಲಸ ಹೋಯಿತು, ತಳಿಯೇ ಅಳಿದುಹೋಯಿತು. ಹುಡುಗನ ಕೆಲಸ ನಾಯಿಗೂ ನಾಯಿಯ ಕೆಲಸ ಯಂತ್ರಕ್ಕೂ ಹೋದದ್ದು ದೊರೆಗೆ ಗೊತ್ತೇ ಆಗಲಿಲ್ಲ. ಅವನ ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಆ ಪುಡಿಂಗಿನ ಕತೆಯೂ ಇಂಥದೇ. ಸಲಾಕಿಯ ಬಾಡಿನಿಂದ ನೆಣ ತೊಟ್ಟಿಕ್ಕಿ ವ್ಯರ್ಥ ಆಗುತ್ತದಲ್ಲ, ಅದರ ಕೆಳಗೆ ಒಂದು ತಟ್ಟೆ ಹಿಟ್ಟು ಇಟ್ಟರು. ತೊಟ್ಟಿಕ್ಕಿದ್ದೆಲ್ಲ ಹಿಟ್ಟಿಗೆ ಬಿತ್ತು. ಹನ್ನಾ ಗ್ಲಾಸ್ ಎಂಬ ಹೆಂಗಸು 1747ರ ತನ್ನ ಅಡುಗೆ ಪುಸ್ತಕದಲ್ಲಿ ಇದಕ್ಕೆ ಯಾರ್ಕ್‌ಷೈರಿನ ಹೆಸರು ಕೊಟ್ಟು ಬರೆದಳು. ಆ ಪುಸ್ತಕದ ಮೇಲೆ ಅವಳ ಹೆಸರು ಇರಲಿಲ್ಲ. ‘ಒಬ್ಬ ಮಹಿಳೆ’ ಎಂದಷ್ಟೇ ಇತ್ತು. ಉತ್ತರ ಇಂಗ್ಲೆಂಡಿನ ಬಡಮನೆಗಳಲ್ಲಿ ಈ ಪುಡಿಂಗನ್ನು ಬಾಡಿನ ಜೊತೆ ಕೊಡುತ್ತಿರಲಿಲ್ಲ, ಬಾಡಿಗೆ ಮೊದಲೇ ಕೊಡುತ್ತಿದ್ದರು. ಎಸರು ಹುಯ್ದುಕೊಂಡು ಹಿಟ್ಟು ತಿಂದು ಹೊಟ್ಟೆ ತುಂಬಿಸಿಕೊಂಡರೆ ಆಮೇಲೆ ಬಾಡು ಕಮ್ಮಿ ಸಾಕು. ನಮ್ಮವ್ವಂದಿರಿಗೆ ಈ ಲೆಕ್ಕ ಅರ್ಥ ಆಗುತ್ತದೆ. ಎರಡು ಮುದ್ದೆ ಹಾಕಿ, ಎಸರು ಬಿಟ್ಟು, ತುಂಡನ್ನು ಕೊನೆಗೆ ಹುಡುಕಿಕೊಡೋ ಲೆಕ್ಕ. ಹಸಿವು ಕಲಿಸಿದ ಬುದ್ಧಿ ಅದು. ಇವತ್ತು ಅದೇ ಹಿಟ್ಟಿಗೆ ದೇಶದ ಕಿರೀಟ. 2008ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ, ಪುಡಿಂಗ್ ನಾಲ್ಕು ಇಂಚಿಗಿಂತ ಕಮ್ಮಿ ಉಬ್ಬಿದರೆ ಅದು ಯಾರ್ಕ್‌ಷೈರ್ ಪುಡಿಂಗೇ ಅಲ್ಲ ಎಂದು ಸಾರಿತು. ಬಡವಿಯ ಹಿಟ್ಟಿಗೆ ವಿಜ್ಞಾನಿಗಳ ಅಳತೆಪಟ್ಟಿ!

ಇಂಗ್ಲಿಷ್ ಭಾಷೆಯನ್ನೇ ನೋಡಿ. ಕೊಟ್ಟಿಗೆಯಲ್ಲಿರುವಾಗ ಅದು ಕೌ, ಆಕ್ಸ್, ಕಾಫ್. ತಟ್ಟೆಗೆ ಬಂದಾಗ ಬೀಫ್, ವೀಲ್. ಕುರಿ ಹಟ್ಟಿಯಲ್ಲಿ ಶೀಪ್, ಊಟದಲ್ಲಿ ಮಟನ್. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ದನ ಮೇಯಿಸಿದವನು, ಸಗಣಿ ಬಾಚಿದವನು ಇಂಗ್ಲಿಷ್ ಆಡುವ ಒಕ್ಕಲು. ಬಾಡು ತಿಂದವನು ಫ್ರೆಂಚ್ ಆಡುವ ಒಡೆಯ. ಒಂದೇ ಪ್ರಾಣಿಗೆ ದುಡಿದವನ ಭಾಷೆಯಲ್ಲಿ ಒಂದು ಹೆಸರು, ಉಂಡವನ ಭಾಷೆಯಲ್ಲಿ ಇನ್ನೊಂದು. ಒಂಬೈನೂರು ವರ್ಷ ಆದರೂ ಆ ಗೆರೆ ಅಳಿಸಿಲ್ಲ. ನಮ್ಮಲ್ಲೂ ಹಾಗೇ. ‘ಗೋಮಾತೆ’ ಅನ್ನುವವನು ಸಗಣಿ ಬಾಚಿದವನಲ್ಲ. ಬಾಚಿದವನು ಸುಮ್ಮನೆ ‘ದನ’ ಅನ್ನುತ್ತಾನೆ.

ಹದಿನೆಂಟನೇ ಶತಮಾನಕ್ಕೆ ಬರುವ ಹೊತ್ತಿಗೆ ಆ ಒಡೆಯನ ಬಾಡು ಇಡೀ ದೇಶದ ಹೆಮ್ಮೆಯಾಯಿತು. ಹೊಗಾರ್ತ್ ಎಂಬ ಚಿತ್ರಕಾರ 1748ರಲ್ಲಿ ಒಂದು ಚಿತ್ರ ಬರೆದ. ಫ್ರಾನ್ಸಿನ ಕಲೇ ಬಂದರಿನ ಬಾಗಿಲಲ್ಲಿ ಇಂಗ್ಲೆಂಡಿನ ದೊಡ್ಡ ದನದ ತುಂಡೊಂದು ಹೋಗುತ್ತಿದೆ. ಬಡಕಲು ಫ್ರೆಂಚ್ ಸಿಪಾಯಿಗಳು ಬಾಯಿ ಬಿಟ್ಟು ನೋಡುತ್ತಿದ್ದಾರೆ. ಬೊಜ್ಜಿನ ಸನ್ಯಾಸಿಯೊಬ್ಬ ನೆಣವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಾನೆ. ನಾವು ಬಾಡು ತಿಂದು ಗಟ್ಟಿಯಾದವರು, ನೀವು ಗಂಜಿ ಕುಡಿದು ಸೊರಗಿದವರು ಅನ್ನೋ ಗರ್ವ. ಸರಿ, ಆ ‘ನಾವು’ ಅಂದರೆ ಯಾರು?

ಅದೇ ಕಾಲದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದರ ಮೇಲೊಂದು ಕಾಯ್ದೆ ಮಾಡಿ ಹಳ್ಳಿಗಳ ಸಾಮೂಹಿಕ ಹುಲ್ಲುಗಾವಲಿಗೆ ಬೇಲಿ ಹಾಕುತ್ತಿತ್ತು. ಒಂದೇ ಹಸು ಇದ್ದವನಿಗೆ ಅದನ್ನು ಮೇಯಿಸಲು ಜಾಗ ಇಲ್ಲವಾಯಿತು. ಜಮೀನ್ದಾರನ ದನ ಕೊಬ್ಬಿತು, ಬಡವ ಪಟ್ಟಣದ ಕಾರ್ಖಾನೆಗೆ ನಡೆದ. 1834ರ ಬಡವರ ಕಾನೂನು, ಗತಿಯಿಲ್ಲದವರನ್ನು ‘ವರ್ಕ್‌ಹೌಸ್’ ಎಂಬ ದೊಡ್ಡಿಗೆ ತಳ್ಳಿತು. ಆಂಡೋವರ್ ಎಂಬ ಊರಿನ ದೊಡ್ಡಿಯಲ್ಲಿ ಗೊಬ್ಬರಕ್ಕಾಗಿ ಮೂಳೆ ಪುಡಿ ಮಾಡಿಸುತ್ತಿದ್ದರು. ಹಸಿವು ತಾಳದೆ ಜನ ಆ ಕೊಳೆತ ಮೂಳೆಯ ಮಜ್ಜೆಗೆ ಕಿತ್ತಾಡಿದ ಸುದ್ದಿ 1845ರಲ್ಲಿ ಹೊರಬಿತ್ತು. ಅದೇ ವರ್ಷ ಐರ್ಲೆಂಡಿನಲ್ಲಿ ಆಲೂಗೆಡ್ಡೆಗೆ ರೋಗ ಬಿದ್ದು ಬರ ಶುರುವಾಯಿತು. ಹತ್ತು ಲಕ್ಷ ಜನ ಸತ್ತ ಆ ವರ್ಷಗಳಲ್ಲೂ ಐರ್ಲೆಂಡಿನ ದನಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಭಾನುವಾರದ ತಟ್ಟೆ ಖಾಲಿ ಬೀಳಬಾರದಲ್ಲ!

ಯಾರ್ಕ್ ನಗರಕ್ಕೇ ಹೋಗೋಣ, ಪುಡಿಂಗಿನ ತವರಿಗೆ. 1901ರಲ್ಲಿ ಸೀಬೋಮ್ ರೌಂಟ್ರಿ ಆ ಊರಿನ ಮನೆಮನೆಯ ಲೆಕ್ಕ ಬರೆಸಿ ಪುಸ್ತಕ ಪ್ರಕಟಿಸಿದರು. ಊರಿನ ನೂರಕ್ಕೆ ಸುಮಾರು 28 ಜನ ಬಡತನದಲ್ಲಿದ್ದರು. 1913ರಲ್ಲಿ ಮಾಡ್ ಪೆಂಬರ್ ರೀವ್ಸ್ ಲಂಡನ್ನಿನ ಲ್ಯಾಂಬೆತ್ ಬಡಾವಣೆಯ ಕೂಲಿಕಾರರ ಹೆಂಡಂದಿರ ಖರ್ಚಿನ ಲೆಕ್ಕ ಬರೆದರು. ವಾರಕ್ಕೆ ಒಂದು ತುಂಡು ಬಾಡು ಬಂದರೆ ಅದರ ದೊಡ್ಡ ಪಾಲು ದುಡಿಯೋ ಗಂಡನಿಗೆ. ಮಕ್ಕಳಿಗೆ ಎಸರು, ಆಲೂಗೆಡ್ಡೆ. ಬೇಯಿಸಿದವಳಿಗೆ ಉಳಿದದ್ದು. ‘ಇಂಗ್ಲೆಂಡಿನ ರೋಸ್ಟ್ ಬೀಫ್’ ಅಂತ ಹಾಡು ಹೇಳುವವರು ಈ ಹೆಂಗಸಿನ ತಟ್ಟೆಯನ್ನು ನೋಡಲಿಲ್ಲ. ನಾವೂ ನಮ್ಮ ಮನೆಯಲ್ಲಿ ನೋಡಿಲ್ಲ ಅನ್ನೋದನ್ನ ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇವೆ.

ಹಂಚಿಕೊಂಡು ತಿನ್ನೋದು ಆಗದ ಕೆಲಸವೇನಲ್ಲ. ಎರಡನೇ ಮಹಾಯುದ್ಧದಲ್ಲಿ, 1940ರಿಂದ ಅಲ್ಲಿ ಬಾಡಿಗೆ ರೇಷನ್ ಬಂತು. 1954ರ ಜುಲೈವರೆಗೂ ನಡೆಯಿತು. ಅಂಗಡಿಯ ಬಾಡಿನಲ್ಲಿ ಲಾರ್ಡಿಗೂ ಕೂಲಿಕಾರನಿಗೂ ಒಂದೇ ಕಾರ್ಡು, ಒಂದೇ ಪಾಲು. ಯುದ್ಧಕ್ಕೆ ಸಾಧ್ಯವಾದದ್ದು ಶಾಂತಿಗೆ ಯಾಕೆ ಸಾಧ್ಯವಾಗಲಿಲ್ಲ? ಕೇಳಬೇಕಾದ ಪ್ರಶ್ನೆ ಇದು.

ಇನ್ನು ನಮ್ಮ ಅಂಗಳಕ್ಕೆ ಬರೋಣ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಕಟ್ಟಿದ ಮೇಲೆ ಬಿಳಿಯರಿಗೆ ಭಾನುವಾರದ ಬಾಡು ಬೇಕಾಯಿತು. ಮೇಲ್ಜಾತಿಯವರು ಅದನ್ನು ಮುಟ್ಟೋದಿಲ್ಲ. ಹಾಗಾಗಿ ಒಲೆಯ ಮುಂದೆ ನಿಂತವರು ನಮ್ಮವರು, ಮುಸ್ಲಿಮರು, ಕ್ರೈಸ್ತರು. ಮದರಾಸಿನ ಸೇನೆಯ ಕೆನ್ನಿ-ಹರ್ಬರ್ಟ್ ‘ವೈವರ್ನ್’ ಎಂಬ ಹೆಸರಿನಲ್ಲಿ 1878ರಲ್ಲಿ ಒಂದು ಅಡುಗೆ ಪುಸ್ತಕ ಬರೆದ. ಅದರಲ್ಲಿ ಅಡುಗೆಯವನಿಗೆಲ್ಲ ಒಂದೇ ಹೆಸರು: ರಾಮಸ್ವಾಮಿ. ಊರಿನಲ್ಲಿ ನಮಗೆ ಹೆಸರಿರಲಿಲ್ಲ, ಬಂಗಲೆಯಲ್ಲಿ ಎಲ್ಲರಿಗೂ ಸೇರಿ ಒಂದು ಹೆಸರು ಸಿಕ್ಕಿತು.

ನಮ್ಮಲ್ಲೊಬ್ಬರ ತಾತ ಇಂಥ ಬಂಗಲೆಯಲ್ಲಿ ಬಟ್ಲರನ ಕೈಕೆಳಗೆ ದುಡಿದವರು. ಅವರು ಹೇಳುತ್ತಿದ್ದದ್ದು ಹೀಗೆ: “ದೊರೆ ಉಣ್ಣೋ ಹೊತ್ಗೆ ಊರಿನ ದೊಡ್ಡೋರು ಕಾಗದ ಇಡ್ಕಂಡು ವರಾಂಡದಾಗೆ ನಿಂತಿರೋರು ಕಣಪ್ಪಾ. ಒಳಗಿಂದ ಬಾಡಿನ ಗಮಲು ಬರೋದು. ಒಬ್ರೂ ಮೂಗು ಮುಚ್ಕಳ್ಳಿಲ್ಲ. ದೊರೆ ಕೈ ಕೊಟ್ರೆ ಎರಡು ಕೈಯಾಗೆ ಹಿಡ್ಕಳೋರು. ಆ ಬಾಡು ಬೇಯ್ಸಿದ್ದು ನಾನು. ನಾನು ನೀರು ಕೊಟ್ರೆ ಮಾತ್ರ ಮೈಲಿಗೆ.” ಇದಕ್ಕಿಂತ ಹೆಚ್ಚಿಗೆ ನಾವು ಏನು ವಾದ ಮಾಡಬೇಕು ಸ್ವಾಮಿ? ಬಾಡಿನಲ್ಲಿ ಮೈಲಿಗೆ ಇದ್ದಿದ್ದರೆ ದೊರೆಯ ಕೈಯಲ್ಲೂ ಇರಬೇಕಿತ್ತು.

ಅಂಬೇಡ್ಕರ್ 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಇದರ ಬೇರನ್ನೇ ಅಗೆದರು. ಒಂದು ಕಾಲಕ್ಕೆ ಬ್ರಾಹ್ಮಣರೂ ಗೋಮಾಂಸ ತಿನ್ನುತ್ತಿದ್ದರು. ಅವರು ಬಿಟ್ಟ ಮೇಲೂ ಬಿಡದೆ ಉಳಿದ ಬಡ, ಚೆದುರಿದ ಜನರನ್ನು ಅಸ್ಪೃಶ್ಯರನ್ನಾಗಿ ಮಾಡಲಾಯಿತು ಎಂದು ಅವರ ವಾದ. ಅದೇ ಅಂಬೇಡ್ಕರ್ 1927ರಲ್ಲಿ ಮಹಾಡಿನಲ್ಲಿ, ಸತ್ತ ದನದ ಮಾಂಸ ತಿನ್ನೋದನ್ನ ಬಿಡಿ ಎಂದರು. ಕೆಲವರು ಈ ಮಾತನ್ನು ಎತ್ತಿ ತೋರಿಸಿ, ನೋಡಿ ನಿಮ್ಮ ಬಾಬಾಸಾಹೇಬರೇ ಬೇಡ ಅಂದಿದ್ದಾರೆ ಅಂತಾರೆ. ಅವರು ಬೇಡ ಅಂದದ್ದು ಬಿಟ್ಟಿ ಚಾಕರಿಯನ್ನು. ಊರಿನವರ ಸತ್ತ ದನ ಹೊತ್ತು, ಅದನ್ನೇ ಕೂಲಿ ಅಂದುಕೊಳ್ಳೋ ಗತಿಯನ್ನು. ದಾಸ್ಯ ಬಿಡಿ ಅಂದವರ ಮಾತನ್ನು ಮೇಲ್ಜಾತಿಯ ಮಡಿಗೆ ಸಾಕ್ಷಿ ಮಾಡಬೇಡಿ.

ಇವತ್ತಿನ ಮಾತು. ನಮ್ಮ ನಾಡಿನಲ್ಲಿ 1964ರ ಕಾಯ್ದೆ ಹಸು, ಕರು ಕಡಿಯೋದನ್ನ ನಿಲ್ಲಿಸಿತ್ತು. ಹನ್ನೆರಡು ವರ್ಷ ದಾಟಿದ ಎತ್ತಿಗೆ, ಎಮ್ಮೆಗೆ ಅನುಮತಿ ಇತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಎತ್ತನ್ನೂ ಸೇರಿಸಿತು. ಮೊದಲ ಸಲಕ್ಕೇ ಮೂರರಿಂದ ಏಳು ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ರೂಪಾಯಿ ದಂಡ. ದಿನಗೂಲಿಯವನ ಅಗ್ಗದ ಪೌಷ್ಟಿಕ ಊಟಕ್ಕೆ ಏಳು ವರ್ಷ! ಮುದಿ ಎತ್ತನ್ನು ಮಾರಿ ಹೊಸದು ತರುತ್ತಿದ್ದ ಸಣ್ಣ ರೈತನ ಕೈಯನ್ನೂ ಕಟ್ಟಿದರು. ಇತ್ತ ಎಮ್ಮೆ ಮಾಂಸದ ರಫ್ತಿನಲ್ಲಿ ಭಾರತ ಲೋಕದ ಮುಂಚೂಣಿಯಲ್ಲಿದೆ. ಹಡಗು ತುಂಬಿದರೆ ವಿದೇಶಿ ವಿನಿಮಯ, ಗಡಿಗೆ ತುಂಬಿದರೆ ಅಪರಾಧ. ನಮ್ಮವರ ಮಕ್ಕಳು ಲಂಡನ್ನಿಗೆ ಹೋಗಿ ಭಾನುವಾರ ಪಬ್ಬಿನಲ್ಲಿ ರೋಸ್ಟ್ ಬೀಫ್ ತಿಂದರೆ ‘ಲೋಕ ಕಂಡವರು’. ಕೇರಿಯ ಹುಡುಗ ತಿಂದರೆ ಬಾಗಿಲಿಗೆ ಪೊಲೀಸು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದವರನ್ನು ಕಟ್ಟಿ ಹೊಡೆದರಲ್ಲ, ಆ ಕೆಲಸವನ್ನು ಅವರ ತಲೆಗೆ ಕಟ್ಟಿದವರು ಯಾರು?

ಇಷ್ಟೆಲ್ಲ ಹೇಳಿ, ಬನ್ನಿ ಎಲ್ಲರೂ ಇಂಗ್ಲಿಷರ ಹಾಗೆ ಫೋರ್ಕು ಹಿಡಿಯೋಣ ಎಂದು ನಾವು ಕರೆಯುತ್ತಿಲ್ಲ. ಅವರ ತಟ್ಟೆಗೂ ಪೂಜೆ ಬೇಡ. ಲಾಭದ ಆಸೆಗೆ ಹುಲ್ಲು ತಿನ್ನೋ ದನಕ್ಕೆ ದನದ ಮೂಳೆ, ಮಾಂಸದ ಪುಡಿಯನ್ನೇ ತಿನ್ನಿಸಿ ಹುಚ್ಚುದನದ ರೋಗ ಬರಿಸಿದವರು ಅವರು. 1990ರಲ್ಲಿ ಅಲ್ಲಿನ ಮಂತ್ರಿ ಏನೂ ಭಯ ಇಲ್ಲ ಅಂತ ಕ್ಯಾಮೆರಾ ಮುಂದೆ ತನ್ನ ಮಗಳ ಕೈಗೆ ದನದ ಬರ್ಗರ್ ಕೊಟ್ಟ. 1996ರಲ್ಲಿ ಸರ್ಕಾರವೇ ಆ ರೋಗ ಮನುಷ್ಯರಿಗೂ ತಗುಲಿರಬಹುದು ಎಂದು ಒಪ್ಪಿತು. ಬ್ರಿಟನ್ನಿನಲ್ಲಿ 170ಕ್ಕೂ ಹೆಚ್ಚು ಜನ ಸತ್ತರು. ಅಗ್ಗದ ಬಾಡು ತಿಂದವರಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ನಮ್ಮ ಮಾತು ಸಣ್ಣದು. ನಮ್ಮಲ್ಲಿ ಹಲವರು ಹಾಸ್ಟೆಲಿನಲ್ಲಿ, ಆಫೀಸಿನಲ್ಲಿ ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ತೆಗೆದು, ಗೋಡೆಗೆ ಮುಖ ಮಾಡಿ ತಿಂದವರು. ಹಿಂದಿನ ರಾತ್ರಿ ಏನು ಉಂಡೆ ಅಂದರೆ ‘ಅನ್ನ ಸಾರು’ ಅಂತ ಸುಳ್ಳು ಹೇಳಿದವರು. ಯಾರ್ಕ್‌ಷೈರಿನ ಬಡವಿ ಹಸಿವಿಗೆ ಕಂಡುಕೊಂಡ ಹಿಟ್ಟು ಅವಳ ದೇಶಕ್ಕೆ ಹೆಮ್ಮೆಯಾಗಬಹುದಾದರೆ, ನಮ್ಮವ್ವ ಒಣಗಿಸಿಟ್ಟ ಬಾಡು, ನೆಣ ಕರಗಿಸಿ ಮಾಡಿದ ಎಸರು ಯಾಕೆ ನಾಚಿಕೆಯಾಗಬೇಕು? ಹನ್ನಾ ಗ್ಲಾಸ್ ಬರೆದ ಹಾಗೆ ಅದನ್ನು ಬರೆದಿಡೋಣ, ಆದರೆ ಬೇಯಿಸಿದವಳ ಹೆಸರು ಹಾಕಿ ಬರೆಯೋಣ. ಕೇರಿ ಕೇರಿಗೆ ಹೋಗಿ ಮುದುಕಿಯರನ್ನು ಕೇಳಿ, ಯಾವ ತುಂಡಿಗೆ ಎಷ್ಟು ಉಪ್ಪು, ಎಷ್ಟು ದಿನದ ಬಿಸಿಲು ಅಂತ. ಇನ್ನು ಡಬ್ಬಿ ತೆಗೆಯೋದಾದರೆ ಮುಚ್ಚಳ ಪೂರ್ತಿ ತೆಗೆದು, ಗೋಡೆಗೆ ಬೆನ್ನು ಮಾಡಿ ಕೂರೋಣ.