ಗದ್ದೆಯ ಔಷಧಿ, ಕಡಲಿನ ಲೆಕ್ಕ

ಮಂಡ್ಯ ಜಿಲ್ಲೆಗೆ ಕಡಲತೀರವಿಲ್ಲ. ಆದರೂ ಕಡಲಿನೊಡನೆ ಅದರ ಸಂಬಂಧ ನಿತ್ಯವಾದುದು. ವಿಶ್ವೇಶ್ವರಯ್ಯ ನಾಲೆಯಿಂದ ನೀರುಂಡ ಬತ್ತ, ಕಬ್ಬಿನ ಗದ್ದೆಗಳ ಬಸಿನೀರು ಹಳ್ಳ ಹಿಡಿದು ಹರಿಯುತ್ತದೆ. ಮದ್ದೂರನ್ನು ಹಾದು ಬರುವ ಶಿಂಷೆಯು ಮಳವಳ್ಳಿ ಸೀಮೆಯಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾವೇರಿಯಾದರೋ ಮೆಟ್ಟೂರು, ತಂಜಾವೂರು ಪ್ರಾಂತಗಳನ್ನು ದಾಟಿ ಪೂಂಪುಹಾರದ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಗದ್ದೆಗೆ ಬಿದ್ದುದರಲ್ಲಿ ಕೆಲಭಾಗ ದಾರಿಯ ಹೂಳಿನಲ್ಲಿ ತಂಗಿದರೆ, ಕೆಲಭಾಗ ಸಮುದ್ರದ ಪಾಲಾಗುತ್ತದೆ.

ಒಂದು ಕಾಲದಲ್ಲಿ ಡಿ.ಡಿ.ಟಿ., ಬಿ.ಎಚ್.ಸಿ. ಪುಡಿಗಳು ಮನೆಮಾತಾಗಿದ್ದವು. ಕೃಷಿಯಲ್ಲಿ ಡಿ.ಡಿ.ಟಿ. ಬಳಕೆ 1989ರಲ್ಲಿ, ಬಿ.ಎಚ್.ಸಿ. 1997ರಲ್ಲಿ, ಎಂಡೋಸಲ್ಫಾನ್ 2011ರಲ್ಲಿ ನಿಷೇಧಗೊಂಡವು. ಆದರೆ ಆಜ್ಞೆ ಹೊರಟ ಮಾತ್ರಕ್ಕೆ ವಿಷವು ಅಳಿಯುವುದಿಲ್ಲ. ಅರ್ಧದಷ್ಟು ನಶಿಸಲು 10 ವರ್ಷ ಹಿಡಿಯುವ ಪದಾರ್ಥವು 30 ವರ್ಷಗಳ ತರುವಾಯವೂ ಎಂಟನೆಯ ಒಂದು ಪಾಲು ಉಳಿದೇ ಇರುತ್ತದೆ.

ಇಂತಹ ಪದಾರ್ಥಗಳ ಸಂಚಾರವನ್ನು ವಿಜ್ಞಾನಿಗಳು ಗಣಿತದ ಮಾದರಿಗಳಿಂದ ಅರಿಯುತ್ತಾರೆ. ಕಡಲನ್ನು ಸಹಸ್ರಾರು ಕೋಣೆಗಳೆಂದು ಭಾವಿಸಿ, ಪ್ರತಿಯೊಂದಕ್ಕೂ ನದಿಯಿಂದ, ಗಾಳಿಯಿಂದ ಬಂದುದೆಷ್ಟು, ಪ್ರವಾಹದೊಡನೆ ಹೋದುದೆಷ್ಟು, ಕೆಸರಿಗಂಟಿ ತಳ ಸೇರಿದುದೆಷ್ಟು, ಆವಿಯಾದುದೆಷ್ಟು, ನಶಿಸಿದುದೆಷ್ಟು ಎಂದು ಎಣಿಸುತ್ತಾರೆ. ಇದು ಅಂಗಡಿಯ ಜಮಾಖರ್ಚಿನಂತಹುದೇ. ಡಿ.ಡಿ.ಟಿ. ಕೆಸರಿಗೂ ಮೀನಿನ ಕೊಬ್ಬಿಗೂ ಅಂಟಿಕೊಳ್ಳುತ್ತದೆ. ಬಿ.ಎಚ್.ಸಿ. ಸುಲಭವಾಗಿ ಆವಿಯಾಗಿ, ಶೀತಪ್ರದೇಶಗಳನ್ನು ಮುಟ್ಟಿ ಅಲ್ಲಿ ನೀರಿಗಿಳಿಯುತ್ತದೆ. ಗದ್ದೆಯೇ ಇಲ್ಲದ ಉತ್ತರಧ್ರುವ ಸಾಗರದಲ್ಲಿ ಅದು ಕಂಡುಬಂದುದು ಹೀಗೆ.

ಗಣಿತವು ಎಷ್ಟೇ ಸೂಕ್ಷ್ಮವಾಗಿರಲಿ, ಜಮೆಯ ಅಂಕಣ ಊಹೆಯದಾದರೆ ಉತ್ತರವೂ ಊಹೆಯೇ ಸರಿ. ಯಾವ ಗದ್ದೆಗೆ, ಯಾವ ತಿಂಗಳಿನಲ್ಲಿ, ಯಾವ ಔಷಧಿ ಎಷ್ಟು ಬಿತ್ತೆಂಬುದನ್ನು ಬಲ್ಲವನು ರೈತನೇ. ಅವನನ್ನು ಅಪರಾಧಿಯೆಂದು ಕಾಣುವುದು ಸಲ್ಲದು. ಬಳಸಿರೆಂದು ಬೋಧಿಸಿದವರೇ ಬಳಿಕ ಬೇಡವೆಂದರಲ್ಲವೆ? ಹಳೆಯ ವಿಷಗಳ ಸ್ಥಾನಕ್ಕೆ ಹೊಸ ಔಷಧಿಗಳು ಬಂದಿವೆ. ಇವುಗಳಲ್ಲಿ ಯಾವುದಕ್ಕೆ ನಾಳೆ ನಿಷೇಧ ಬರುವುದೋ ಬಲ್ಲವರಾರು? ಇವುಗಳ ಲೆಕ್ಕವನ್ನಾದರೂ ಇಂದೇ ಬರೆದಿಡುವುದು ವಿವೇಕ.

ಈ ಕಾರ್ಯಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿಯ ಪ್ರೌಢಶಾಲೆಗಳೇ ತಕ್ಕ ಕ್ಷೇತ್ರ. ವಿದ್ಯಾರ್ಥಿಯು ತನ್ನ ಮನೆಯ ಗದ್ದೆಗೆ ಹೊಡೆದ ಔಷಧಿಯ ಹೆಸರು, ಪ್ರಮಾಣ, ದಿನಾಂಕ, ಅನಂತರ ಸುರಿದ ಮಳೆ, ಇಷ್ಟನ್ನು ಬರೆದರೆ ಸಾಕು. ಅಧ್ಯಾಪಕರು ಅದನ್ನು ವರ್ಷವರ್ಷವೂ ಕಾಪಾಡಲಿ. ಕಟ್ಟಡಕ್ಕೆ ನೆರವಾಗುವ ದಾನಿಗಳು ಶಾಲೆಗೊಂದು ಮಳೆಮಾಪಕವನ್ನೂ ಒದಗಿಸಲಿ. ಹತ್ತು ವರ್ಷ ತಪ್ಪದೆ ನಡೆದ ಇಂತಹ ದಾಖಲೆಯು ಕಡಲ ವಿಜ್ಞಾನಿಗೆ ಆಧಾರವಾಗುವುದು. ಅದಕ್ಕಿಂತ ಮೊದಲು, ಅದೇ ನಾಲೆಯ ನೀರನ್ನು ಬಳಸುವ ಊರಿನವರಿಗೆ ಎಚ್ಚರಿಕೆಯಾಗುವುದು.